ಮನೆಯ ಜೊತೆಗೆ ಬರುವ ಕೆಲಸ

ಬಾಪೂಜಿ ನಗರದಲ್ಲಿ ಕೆಲವು ಹೆಂಗಸರು ಸೇರಿಕೊಂಡು ಚಿಕ್ಕ ಮಕ್ಕಳಿಗೆ ಒಂದು ಶಿಶುವಿಹಾರ ಶುರು ಮಾಡ್ತಾ ಇದ್ದಾರೆ. ಜಾಗ ಸಿಕ್ಕಿದೆ, ಚಾಪೆ ಬಂದಿದೆ, ತಟ್ಟೆ ಲೋಟ ಬಂದಿದೆ, ಮಕ್ಕಳಿಗಂತೂ ಬರವಿಲ್ಲ. ಮಕ್ಕಳನ್ನ ನೋಡಿಕೊಳ್ಳೋ ಜನ ಮಾತ್ರ ಸಿಕ್ಕಿಲ್ಲ. ನಮ್ಮ ಶಿಶುವಿಹಾರದ ಟೀಚರಮ್ಮ ಆ ಹೆಂಗಸರ ಹತ್ತಿರ ನನ್ನ ವಿಷಯ ಹೇಳಿ ಬಂದಿದ್ದಾರೆ. ಮಲ್ಲತ್ತಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಜನ ಸೇರಿಸೋದು ಅವರಿಗೆ ನೀರು ಕುಡಿದಷ್ಟು ಸುಲಭ, ಹೇಗೆ ಸೇರಿಸ್ತಾರೆ ಅಂತ ಅವರ ಕೈಲೇ ಬರೆಸಿಕೊಡ್ತೀನಿ ಅಂದರಂತೆ.

ನಾನು ಓದಿರೋದು ನಾಲ್ಕನೇ ಕ್ಲಾಸು. ಬರೀತೀನಿ, ತಪ್ಪಿದ್ದರೆ ಟೀಚರಮ್ಮ ತಿದ್ದಲಿ. ಆದರೆ ನೀರು ಕುಡಿದಷ್ಟು ಸುಲಭ ಅನ್ನೋ ಮಾತು ಮಾತ್ರ ಅವರು ಆಡಬಾರದಿತ್ತು. ನಾನು ತಲೆ ತಗ್ಗಿಸಬೇಕಾಗಿ ಬಂದಿದ್ದೇ ನೀರಿನ ಹತ್ತಿರ.

ಮೊದಲು ನಮ್ಮ ಶಿಶುವಿಹಾರ ಎಂಥದ್ದು ಅಂತ ಹೇಳಿಬಿಡ್ತೀನಿ. ಮಹಿಳಾ ಸಂಘದ ಕಟ್ಟಡದ ಹಿಂದೆ ಒಂದು ದೊಡ್ಡ ರೂಮು, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಬಚ್ಚಲು. ಗಾರ್ಮೆಂಟ್ಸಿಗೆ ಹೋಗೋರ ಮಕ್ಕಳು, ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡೋರ ಮಕ್ಕಳು ಬರ್ತಾವೆ. ಸಂಬಳ ಅಂತ ಇರೋದು ಟೀಚರಮ್ಮನಿಗೆ ಮತ್ತೆ ಅಡುಗೆಯವಳಿಗೆ. ಇಬ್ಬರಿಂದ ಏನಾಗುತ್ತೆ? ಒಂದು ಮಗುವನ್ನ ಬಚ್ಚಲಿಗೆ ಕರ್ಕೊಂಡು ಹೋಗಿ ಬರೋದರೊಳಗೆ ಇನ್ನೊಂದು ಮೂಗಿಗೆ ಕಡಲೆಬೀಜ ತುರುಕಿಕೊಂಡಿರುತ್ತೆ, ಮತ್ತೊಂದು ಪಕ್ಕದ್ದರ ಕೈ ಕಚ್ಚಿರುತ್ತೆ. ಅದಕ್ಕೇ ಏರಿಯಾದ ಹೆಂಗಸರು ಸರದಿ ಮೇಲೆ ಬಂದು ಕೈ ಹಾಕಬೇಕು. ಅವರನ್ನ ಕರೆತರೋ ಕೆಲಸ ನಂದು. ಯಾರೂ ಒಪ್ಪಿಸಿದ್ದಲ್ಲ. ಈ ಊರು ಇನ್ನೂ ರಾಗಿ ಹೊಲವಾಗಿದ್ದಾಗ ಸೊಸೆಯಾಗಿ ಬಂದೋಳು ನಾನು. ಹಳಬರ ಮನೆಗಳೆಲ್ಲ ಅಡುಗೆಮನೆವರೆಗೂ ಗೊತ್ತು. ಆ ಧೈರ್ಯದ ಮೇಲೆ ಮೈಮೇಲೆ ಹಾಕಿಕೊಂಡೆ.

ಗೋಡೆಗೆ ಕಾಗದ ಅಂಟಿಸಿದರೆ ಯಾರೂ ಬರಲ್ಲ. ಟೀಚರಮ್ಮ ಚೆಂದಕ್ಕೆ ಬಣ್ಣ ಹಾಕಿ ಬರೆದು ಹಾಲಿನ ಬೂತಿನ ಹತ್ತಿರ, ಬಸ್ ಸ್ಟಾಪಿನಲ್ಲಿ ಅಂಟಿಸಿದರು. ಜನ ಓದಿದರು, ಬಸ್ ಹತ್ತಿ ಹೋದರು. ವಾಟ್ಸಾಪಿನಲ್ಲಿ ಹಾಕಿದರೆ ಕೈ ಮುಗಿಯೋ ಚಿತ್ರ ಕಳಿಸ್ತಾರೆ. ಕೈ ಮುಗಿದೋರು ಬಂದಿದ್ದು ನಾನು ಕಾಣೆ. ಮುಖ ನೋಡಿ ಕೇಳಬೇಕು. ತರಕಾರಿ ಗಾಡಿ ಹತ್ತಿರ ಕೇಳಬಹುದು, ಅಲ್ಲಿ ಎಲ್ಲರೂ ಎರಡು ನಿಮಿಷ ನಿಂತೇ ನಿಲ್ತಾರೆ. ಸೇವೆ ಅನ್ನಬಾರದು. ಸೇವೆ ಮಾಡೋ ಮನಸ್ಸಿರೋರು ದೇವಸ್ಥಾನಕ್ಕೆ ಹೋಗ್ತಾರೆ, ಅಲ್ಲಿ ಯಾರೂ ಉಚ್ಚೆ ಮಾಡಿಕೊಳ್ಳಲ್ಲ. ವಾರದಲ್ಲಿ ಒಂದು ಬೆಳಗ್ಗೆ, ಹತ್ತರಿಂದ ಒಂದು ಗಂಟೆವರೆಗೆ ಬಂದು ಮಕ್ಕಳಿಗೆ ಊಟ ಮಾಡಿಸಿ ಹೋಗಮ್ಮ ಅನ್ನಬೇಕು. ಎಷ್ಟು ಹೊತ್ತು, ಏನು ಕೆಲಸ ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತೆ. ಗಲೀಜು ಕೆಲಸ ಮೊದಲೇ ಹೇಳಿಬಿಡಬೇಕು. ಕುಂಡಿ ತೊಳೆಸಬೇಕಾಗುತ್ತೆ ಅಂತ ನಾನು ಅವರ ಮನೆ ಬಾಗಿಲಲ್ಲೇ ಹೇಳ್ತೀನಿ. ಮುಖ ಸಿಂಡರಿಸಿದೋರು ಅಲ್ಲೇ ನಿಂತ್ಕೋತಾರೆ, ಇಬ್ಬರಿಗೂ ಒಳ್ಳೇದು.

ಮಕ್ಕಳು ಅಂದರೆ ನಂಗೆ ಪ್ರಾಣ ಅನ್ನೋರನ್ನ ನಂಬಬೇಡಿ. ಬಂದ ತಕ್ಷಣ ಪೊರಕೆ ಎಲ್ಲಿದೆ ಅಂತ ಕೇಳೋಳು ಉಳ್ಕೋತಾಳೆ. ಮೊದಲನೇ ದಿನ ಯಾರ ಕೈಗೂ ಮಗು ಕೊಡಬೇಡಿ. ಒಂದು ಮೊರ ಅವರೆಕಾಯಿ ಕೊಟ್ಟು ಸುಲಿಯೋಕೆ ಕೂರಿಸಿ. ಮಕ್ಕಳು ತಾವಾಗೇ ಬಂದು ಕೈ ಹಾಕ್ತಾವೆ, ಒಂದು ಗಂಟೆಯಲ್ಲಿ ತೊಡೆ ಮೇಲೆ ಕೂತಿರ್ತಾವೆ. ಇಬ್ಬಿಬ್ಬರನ್ನ ಜೋಡಿ ಮಾಡಿ. ಒಬ್ಬಳು ತಪ್ಪಿಸಿಕೊಂಡರೆ ಇನ್ನೊಬ್ಬಳೇ ಹೋಗಿ ಬೈದು ಕರ್ಕೊಂಡು ಬರ್ತಾಳೆ, ನೀವು ಕೆಟ್ಟೋರಾಗಬೇಕಾಗಿಲ್ಲ.

ಇಷ್ಟನ್ನ ಬರೆದುಕೊಟ್ಟು ಸುಮ್ಮನಾಗಬಹುದಿತ್ತು. ಟೀಚರಮ್ಮ ಕೇಳಿದ್ದು ಇಷ್ಟೇ. ಆದರೆ ನಾನು ಕರೆತಂದವರಲ್ಲೆಲ್ಲ ಚೆನ್ನಾಗಿ ಮಾಡಿದೋಳು ಒಬ್ಬ ಹುಡುಗಿ, ನಮ್ಮ ಮನೆಯಲ್ಲೇ ಬಾಡಿಗೆಗಿದ್ದೋಳು. ಅವಳು ಮನಸ್ಸಿದ್ದು ಬಂದಳಾ, ನನಗೆ ಹೆದರಿ ಬಂದಳಾ ಅನ್ನೋದನ್ನ ಬರೀದೆ ಬಿಟ್ಟರೆ ಮೇಲೆ ಬರೆದಿದ್ದೆಲ್ಲ ಬುರುಡೆ ಆಗುತ್ತೆ.

ಹೊಲ ಲೇಔಟಿಗೆ ಹೋದ ಮೇಲೆ ಉಳಿದ ಸೈಟಿನಲ್ಲಿ ನಮ್ಮ ಯಜಮಾನರು ಮೂರಂತಸ್ತು ಕಟ್ಟಿಸಿದ್ದರು. ಕೆಳಗೆ ನಾವು. ಹಿಂದುಗಡೆ ಒಂದು ಚಿಕ್ಕ ಮನೆ, ಮೇಲೆ ಎರಡು, ಅವು ಬಾಡಿಗೆಗೆ. ಮೊದಲನೇ ಮಹಡಿಗೆ ತಿಪಟೂರು ಕಡೆಯ ಗಂಡ ಹೆಂಡತಿ ಬಂದರು. ಗಂಡ ಪೀಣ್ಯದಲ್ಲಿ ಫ್ಯಾಕ್ಟರಿಗೆ ಹೋಗ್ತಿದ್ದ. ಹುಡುಗಿ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಾಕೋದು, ಸೆರಗಿಗೆ ಕುಚ್ಚು ಕಟ್ಟೋದು ಮಾಡ್ತಿದ್ದಳು. ವಿಜಯನಗರದ ಸೀರೆ ಅಂಗಡಿಯೋರು ಕೊಡ್ತಿದ್ದರು. ಮನೆ ನೋಡೋಕೆ ಬಂದ ದಿನ ಅವಳು ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಿ ನೋಡಲಿಲ್ಲ. ಮುಂದಿನ ರೂಮಿನ ಕಿಟಕಿ ಹತ್ತಿರ ನಿಂತು, ಇಲ್ಲಿ ಬೆಳಕು ಎಷ್ಟು ಹೊತ್ತಿನವರೆಗೆ ಇರುತ್ತೆ ಆಂಟಿ ಅಂತ ಕೇಳಿದಳು. ರೇಷ್ಮೆ ದಾರದ ಬಣ್ಣ ಟ್ಯೂಬ್‌ಲೈಟಿನಲ್ಲಿ ಒಂಥರಾ ಕಾಣುತ್ತೆ, ಹೊರಗೆ ಒಂಥರಾ ಕಾಣುತ್ತೆ, ಸೀರೆಗೆ ಹೊಂದಿಸೋಕೆ ಹಗಲಿನ ಬೆಳಕೇ ಬೇಕಂತೆ. ಬೆಳಗ್ಗೆಯೆಲ್ಲ ಇರುತ್ತೆ, ಮಧ್ಯಾಹ್ನದ ಮೇಲೆ ಎದುರು ಕಟ್ಟಡದ ನೆರಳು ಬೀಳುತ್ತೆ ಅಂದೆ. ಸಾಕು ಆಂಟಿ ಅಂದು ಮನೆ ಹಿಡಿದಳು.

ಅವರು ಬಂದ ಹೊಸದರಲ್ಲೇ ಎರಡನೇ ಮಹಡಿಯೋರನ್ನ ಬಿಡಿಸಬೇಕಾಯ್ತು. ನಂದಿನಿ ಲೇಔಟಿನಲ್ಲಿದ್ದ ನನ್ನ ಚಿಕ್ಕ ಮಗ ಸಂಸಾರದ ಜೊತೆ ವಾಪಸ್ ಬರ್ತೀನಿ ಅಂದಿದ್ದ, ಅದಕ್ಕೆ. ಆ ಮನೆಯ ಹೆಂಗಸನ್ನ ನಾನು ಶಿಶುವಿಹಾರಕ್ಕೆ ಎರಡು ಸಲ ಕರೆದಿದ್ದೆ. ನಂಗಾಗಲ್ಲ ಆಂಟಿ ಅಂತ ಖಡಾಖಂಡಿತ ಹೇಳಿದ್ದಳು. ಸರಿ ಬಿಡು ಅಂದಿದ್ದೆ. ಕರೆದಿದ್ದಕ್ಕೂ ಬಿಡಿಸಿದ್ದಕ್ಕೂ ಸಂಬಂಧ ಇರಲಿಲ್ಲ. ಅದು ನನ್ನ ತಲೆಯಲ್ಲಿ. ಸಾಮಾನು ಇಳಿಸ್ತಾ ಆ ಹೆಂಗಸು ಹೊಸದಾಗಿ ಬಂದ ಹುಡುಗಿಗೆ ಏನು ಹೇಳಿ ಹೋದಳೋ, ನಾನು ಯೋಚನೆ ಮಾಡಲಿಲ್ಲ.

ಆ ಬೇಸಿಗೆಯಲ್ಲಿ ಬೋರು ಕೈ ಕೊಟ್ಟಿತ್ತು. ಟ್ಯಾಂಕರಿನಲ್ಲಿ ತರಿಸಿ ಸಂಪಿಗೆ ತುಂಬಿಸಿ, ನಾನೇ ಹೊತ್ತು ನೋಡಿ ಮೋಟರ್ ಹಾಕ್ತಿದ್ದೆ. ಮೋಟರ್ ಸ್ವಿಚ್ಚು ನಮ್ಮ ವರಾಂಡದ ಗೋಡೆಯಲ್ಲಿದೆ, ಅದಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಒಂದು ಬೆಳಗ್ಗೆ ಹುಡುಗಿ ಕೆಳಗಿಳಿದು ಬಂದಳು. ಕೈಯೆಲ್ಲ ಸೋಪು.

"ಆಂಟಿ, ನೀರು ನಿಂತೋಯ್ತು. ಸ್ವಲ್ಪ ಮೋಟರ್ ಹಾಕ್ತೀರಾ?"

ಪೆಟ್ಟಿಗೆ ತೆಗೆದೆ. ಸ್ವಿಚ್ಚಿನ ಮೇಲೆ ಕೈ ಇಟ್ಟೆ. ಆಗಲೇ ನೆನಪಾಯ್ತು, ಶಿಶುವಿಹಾರಕ್ಕೆ ಬರ್ತಿದ್ದ ಒಬ್ಬಳು ಬಾಣಂತನಕ್ಕೆ ಹೋಗಿದ್ದಾಳೆ, ಜನ ಕಮ್ಮಿ ಇದ್ದಾರೆ ಅಂತ. ಅಲ್ಲೇ ನಿಂತು ಕೇಳಿದೆ.

"ಹಾಕ್ತೀನಿ. ಅಲ್ಲ ಕಣಮ್ಮ, ಬೆಳಗ್ಗೆ ಹೊತ್ತು ಮನೆಯಲ್ಲೇ ಇರ್ತೀಯಲ್ಲ. ನಾಳೆಯಿಂದ ಹತ್ತು ಗಂಟೆಗೆ ಶಿಶುವಿಹಾರಕ್ಕೆ ಬಂದುಬಿಡು. ಮಕ್ಕಳ ಮಧ್ಯೆ ಓಡಾಡಿಕೊಂಡಿದ್ರೆ ನಿನಗೂ ಬೇಗ ಒಂದಾಗುತ್ತೆ."

ಅವಳು ನನ್ನ ಮುಖ ನೋಡಲಿಲ್ಲ. ಕೈ ನೋಡಿದಳು. ಆಯ್ತು ಆಂಟಿ ಅಂದಳು. ನಾನು ಸ್ವಿಚ್ ಹಾಕಿದೆ.

ಮಿಕ್ಕವರಿಗೆಲ್ಲ ವಾರದಲ್ಲಿ ಒಂದು ದಿನ ಅಂತ ಹೇಳ್ತೀನಿ ಅಂದೆನಲ್ಲ, ಅವಳಿಗೆ ಹೇಳಲಿಲ್ಲ. ಮರೆತಿದ್ದಲ್ಲ, ಹೇಳೋದು ಬೇಕು ಅನ್ನಿಸಲಿಲ್ಲ ಅಷ್ಟೇ. ಮಾರನೇ ದಿನ ಬಂದಳು, ಅದರ ಮಾರನೇ ದಿನವೂ ಬಂದಳು. ಭಾನುವಾರ ಬಿಟ್ಟು ದಿನಾ ಬಂದಳು. ಬಂದ ತಕ್ಷಣ ಪೊರಕೆ ಎಲ್ಲಿದೆ ಅಂತ ಕೇಳಿದೋಳು ಅವಳೇ. ಜನರನ್ನ ಅಳೆಯೋ ನನ್ನ ಲೆಕ್ಕಕ್ಕೆ ಸರಿಯಾಗಿ ಕೂತಳು. ನನಗೆ ಖುಷಿಯಾಯ್ತು. ಅವಳು ಒಬ್ಬಳು ಬರ್ತಿದ್ದರಿಂದ ನಾನು ಬೇರೆಯವರನ್ನ ಹುಡುಕೋ ಗೋಜಿಗೂ ಹೋಗಲಿಲ್ಲ.

ಕೆಲಸ ಅಂದರೆ ಕೆಲಸ. ಮಾತು ಕಮ್ಮಿ. ಅಲ್ಲೊಂದು ಹೆಣ್ಣುಮಗು ಇತ್ತು, ಮೂರು ತುಂಬಿತ್ತು, ಅನ್ನ ಬಾಯಿಗಿಡ್ತಿರಲಿಲ್ಲ. ಅದರ ತಾಯಿ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋದರೆ ಮಧ್ಯಾಹ್ನದ ಮೇಲೇ ಬರೋದು, ಅಲ್ಲಿವರೆಗೂ ಮಗು ಖಾಲಿ ಹೊಟ್ಟೆ. ನಾನು ತಿನ್ನು ತಿನ್ನು ಅಂತ ಎದುರಿಗೆ ಕೂತು ಗದರಿದೆ, ಟೀಚರಮ್ಮ ಕಾಗೆ ಗುಬ್ಬಿ ತೋರಿಸಿದರು. ಬಾಯಿ ಬಿಗಿದುಕೊಂಡಿತು. ಈ ಹುಡುಗಿ ಏನು ಮಾಡಿದಳು ಅಂದರೆ, ತಟ್ಟೆಯನ್ನ ಮಗು ಮುಂದೆ ಇಟ್ಟು, ಪಕ್ಕದಲ್ಲೇ ಕೂತು, ಮುಖ ಆ ಕಡೆ ತಿರುಗಿಸಿಕೊಂಡಳು. ಅಷ್ಟೇ. ಏನೋ ಗುನುಗ್ತಾ ಗೋಡೆ ನೋಡ್ತಾ ಕೂತಳು. ಸ್ವಲ್ಪ ಹೊತ್ತಿಗೆ ಮಗು ತಾನೇ ಕಲಸಿಕೊಂಡು ತಿಂತು. ಯಾರಾದರೂ ನೋಡಿದರೆ ಅದಕ್ಕೆ ಗಂಟಲಲ್ಲಿ ಇಳೀತಿರಲಿಲ್ಲ. ಆ ಮೇಲೆ ದಿನಾ ಅವಳ ಪಕ್ಕವೇ ಅದಕ್ಕೆ ಊಟ.

ಒಂದು ದಿನ ಅವಳಿಗೆ ಜ್ವರ. ಗಂಡ ಡ್ಯೂಟಿಗೆ ಹೊರಟೋನು ನಮ್ಮ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ನಿಂತ. ಇವತ್ತೊಂದು ದಿನ ಅವಳನ್ನ ಬಿಡಬೇಕು ಆಂಟಿ, ಎದ್ದೇಳೋಕೆ ಆಗ್ತಿಲ್ಲ ಅಂದ. ಮಲಗಲಿ ಬಿಡಪ್ಪ ಅಂದೆ. ಒಳಗೆ ಹೋಗಿ ದೊಡ್ಡ ಸೊಸೆ ಹತ್ತಿರ ಹೇಳಿದೆ, ನೋಡು, ಜ್ವರ ಬಂದರೂ ಶಿಶುವಿಹಾರದ್ದೇ ಯೋಚನೆ ಆ ಹುಡುಗಿಗೆ ಅಂತ. ಸೊಸೆ ನನ್ನನ್ನೊಂದು ಸಲ ನೋಡಿದಳು, ಏನೋ ಹೇಳೋಕೆ ಬಂದು ದೋಸೆ ಮಗುಚೋಕೆ ತಿರುಗಿದಳು. ಆವಾಗಲೂ ನನಗೆ ಹೊಳೀಲಿಲ್ಲ. ಸಂಘದ ಮೀಟಿಂಗಿನಲ್ಲಿ ಎದೆ ಉಬ್ಬಿಸಿಕೊಂಡು ಹೇಳಿದ್ದೆ, ಜನ ಸೇರಿಸೋದು ದೊಡ್ಡದಲ್ಲ, ಕೇಳೋ ರೀತಿಯಲ್ಲಿ ಕೇಳಿದರೆ ಬರ್ತಾರೆ, ನಮ್ಮ ಮೇಲಿನ ಮನೆಯೋಳನ್ನ ನೋಡಿ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹಿಂದೆ ಕೂತು ಮಕ್ಕಳ ಚಪ್ಪಲಿ ಜೋಡಿಸ್ತಿದ್ದಳು.

ಒಂದೂವರೆ ವರ್ಷ ಹೀಗೇ ನಡೀತು. ಆಮೇಲೆ ಗಂಡನ ಫ್ಯಾಕ್ಟರಿ ಬಿಡದಿ ಕಡೆ ಹೋಯ್ತು. ಕೆಂಗೇರಿಯಲ್ಲಿ ಮನೆ ನೋಡಿದ್ದೀವಿ ಆಂಟಿ ಅಂತ ಹೇಳಿದರು. ನನಗೆ ಮೊದಲು ಬಂದ ಯೋಚನೆ, ಆ ಮಗುವಿಗೆ ಊಟ ಯಾರು ಮಾಡಿಸ್ತಾರೆ ಅನ್ನೋದು. ಹುಡುಗಿ ಬಗ್ಗೆ ಅಲ್ಲ.

ಮನೆ ನೋಡೋಕೆ ಒಂದು ಸಂಸಾರ ಬಂತು. ಮೇಲೆ ಹುಡುಗಿ ಇದ್ದಾಳೆ, ತೋರಿಸ್ತಾಳೆ, ಹೋಗಿ ಅಂತ ಕಳಿಸಿದೆ. ಆಮೇಲೆ ನಾನೂ ಹಿಂದೆ ಹೊರಟೆ. ಮಂಡಿ ನೋವು, ಮೆಟ್ಟಿಲು ತಿರುಗೋ ಕಡೆ ನಿಂತು ಸುಧಾರಿಸಿಕೊಳ್ಳಲೇಬೇಕು. ನಿಂತಿದ್ದೆ. ಮೇಲೆ ಬಾಗಿಲು ತೆಗೆದೇ ಇತ್ತು. ಹುಡುಗಿ ಹೊಸಬಳಿಗೆ ಮನೆ ವಿಷಯವೆಲ್ಲ ಹೇಳ್ತಿದ್ದಳು. ನೀರು ಬೆಳಗ್ಗೆ ಬಿಡ್ತಾರೆ, ಸಂಜೆ ಬಿಡ್ತಾರೆ, ಹಿಡಿದಿಟ್ಟುಕೊಂಡರೆ ತೊಂದರೆ ಇಲ್ಲ. ಟೆರೇಸಿನಲ್ಲಿ ಆ ಕಡೆ ತಂತಿ ನಮ್ಮದು. ಗಾಡಿ ಒಳಗೆ ನಿಲ್ಲಿಸಬಹುದು, ಗೇಟಿಗೆ ಅಡ್ಡ ಬೇಡ. ಅದೇ ದನಿಯಲ್ಲಿ ಮುಂದಿಂದೂ ಹೇಳಿದಳು.

"ಆಮೇಲೆ ಹತ್ತರಿಂದ ಒಂದು ಗಂಟೆವರೆಗೂ ಶಿಶುವಿಹಾರಕ್ಕೆ ಹೋಗ್ಬೇಕು. ಇಲ್ಲೇ ಹಿಂದಿನ ರಸ್ತೆ."

"ಯಾರು, ನಾವಾ? ಸಂಬಳ ಕೊಡ್ತಾರಾ?"

"ಇಲ್ಲ. ಅದು ಮನೆ ಜೊತೆಗೆ ಬರೋದು."

"ಹೋಗ್ದಿದ್ರೆ?"

"ಎರಡನೇ ಮಹಡಿಯೋರು ಹೋಗ್ಲಿಲ್ಲ," ಅಂದಳು ಹುಡುಗಿ.

ಹೊಸಬಳು, ಹಂಗಾದ್ರೆ ನಮ್ಮತ್ತೇನ ಕಳಿಸ್ತೀನಿ ಬಿಡಿ, ಮನೇಲಿ ನನ್ನ ಪ್ರಾಣ ತಿಂತಾರೆ ಅಂದಳು. ಇಬ್ಬರೂ ನಕ್ಕರು.

ನಾನು ಹತ್ತಿದಷ್ಟೂ ಮೆಟ್ಟಿಲು ಇಳಿದು ಬಂದೆ. ವರಾಂಡದಲ್ಲಿ ಆ ಪೆಟ್ಟಿಗೆ ಎದುರಿಗೇ ಇತ್ತು. ಬೈಸಿಕೊಂಡಿದ್ದರೆ ಇಷ್ಟು ಕಷ್ಟ ಆಗ್ತಿರಲಿಲ್ಲ. ಅವಳು ನನ್ನ ಮೇಲೆ ದೂರು ಹೇಳಲೇ ಇಲ್ಲ. ನೀರಿನ ಹೊತ್ತು, ಬಟ್ಟೆ ತಂತಿ, ಗಾಡಿ ಜಾಗ ಹೇಳಿದ ಹಾಗೇ ಇದನ್ನೂ ಹೇಳಿದಳು. ಬೆಳಕಿಗಾಗಿ ಮನೆ ಹಿಡಿದೋಳ ಬೆಳಕನ್ನೇ ನಾನು ಕಿತ್ತುಕೊಂಡಿದ್ದೆ. ಹತ್ತರಿಂದ ಒಂದು ಗಂಟೆ ಅಂದರೆ ಆ ಕಿಟಕಿಗೆ ಬಿಸಿಲು ಇರೋ ಹೊತ್ತು. ವಿಜಯನಗರದ ಅಂಗಡಿಯೋರು ಈಚೆಗೆ ಸೀರೆ ಕೊಡ್ತಿಲ್ಲ ಅಂತ ಒಂದು ಸಲ ಹೇಳಿದ್ದಳು. ಆಷಾಢ ಅಲ್ಲವಾ, ಮದುವೆ ಇಲ್ಲ, ಅದಕ್ಕೇ ಅಂದಿದ್ದೆ ನಾನು. ಹೂಂ ಆಂಟಿ ಅಂದಿದ್ದಳು.

ಅವಳ ಗಂಡ ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ನನ್ನ ಸೊಸೆ ದೋಸೆ ಕಡೆ ತಿರುಗಿದ್ದೂ ಯಾಕೆ ಅಂತ ಗೊತ್ತಾಯ್ತು. ಹೋಗಿ ಅವಳನ್ನ ಕೇಳಿದೆ, ನಿನಗೆ ಗೊತ್ತಿತ್ತಾ ಅಂತ. "ಎಲ್ಲರಿಗೂ ಗೊತ್ತಿತ್ತು ಅತ್ತೆ. ನಿಮಗೂ ಗೊತ್ತು ಅನ್ಕೊಂಡಿದ್ದೆ," ಅಂದಳು.

ಅವರು ಮನೆ ಬಿಡೋಕೆ ಇನ್ನೂ ಒಂದು ವಾರ ಇತ್ತು. ಆ ವಾರವೂ ಹುಡುಗಿ ಬಂದಳು. ನಾಳೆಯಿಂದ ಬರಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅಂದರೆ ಯಾಕೆ ಅಂತ ಹೇಳಬೇಕಾಗ್ತಿತ್ತು. ಮಾತು ಬಾರದೆ ಅಲ್ಲ, ಮಾತು ನನಗೆ ಯಾವಾಗಲೂ ಬರುತ್ತೆ. ಬಾಡಿಗೆಯೋಳ ಮುಂದೆ ತಪ್ಪಾಯ್ತು ಅನ್ನೋದು ಹೇಗೆ ಅಂತ ಗೊತ್ತಿರಲಿಲ್ಲ. ಹೊರಟ ದಿನ ಎಲೆ ಅಡಿಕೆ, ಹಣ್ಣು, ರವಿಕೆ ಕಣ ಇಟ್ಟು ಕುಂಕುಮ ಕೊಟ್ಟೆ. ಕಾಲಿಗೆ ಬಿದ್ದಳು. ಮಕ್ಕಳ ವಿಷಯದಲ್ಲಿ ನನ್ನಿಂದ ಏನಾದ್ರೂ ಹೆಚ್ಚು ಕಮ್ಮಿ ಆಗಿದ್ರೆ ಮನಸ್ಸಲ್ಲಿಟ್ಕೋಬೇಡಿ ಆಂಟಿ ಅಂದಳು. ಕ್ಷಮೆ ಅವಳು ಕೇಳಿದಳು. ನಾನು, ಒಳ್ಳೇದಾಗಲಿ ಅಂದೆ.

ಹೊಸ ಸಂಸಾರ ಬಂದ ಮಾರನೇ ದಿನ ಹತ್ತು ಗಂಟೆಗೆ ಸರಿಯಾಗಿ ಅವರ ಅತ್ತೆ ಶಿಶುವಿಹಾರದ ಬಾಗಿಲಲ್ಲಿ ನಿಂತಿದ್ದಳು. ನನ್ನ ವಯಸ್ಸಿನೋಳೇ. ಕೈಯಲ್ಲಿ ಎಲೆ ಅಡಿಕೆ ಚೀಲ.

"ಎಲ್ಲಿ ಕೂತ್ಕೋಬೇಕು ಓನರಮ್ಮ? ಮನೆ ರೂಲ್ಸಂತೆ, ಸೊಸೆ ಕಳಿಸಿದ್ಲು."

ಟೀಚರಮ್ಮ ನನ್ನ ಮುಖ ನೋಡಿದರು. ಅಡುಗೆಯವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಂಥ ರೂಲ್ಸು ಯಾವುದೂ ಇಲ್ಲ, ಮನೆ ಬೇರೆ, ಇದು ಬೇರೆ, ಇಷ್ಟ ಇದ್ದರೆ ಇರಿ, ಇಲ್ಲದಿದ್ದರೆ ಹೋಗಿ ಅಂದೆ. ಆಯಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಹಂಗಾದ್ರೆ ಮನೆಯಲ್ಲಿ ಸೀರಿಯಲ್ಲು ಬರೋ ಹೊತ್ತಾಯ್ತು ಅಂತ ಹೊರಟೇಬಿಟ್ಟಳು. ಆಮೇಲೆ ಟೀಚರಮ್ಮನಿಗೆ ಇದ್ದಿದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಮತ್ತೆ ನಿಮ್ಮ ಹಿಂದುಗಡೆ ಚಿಕ್ಕ ಮನೆಯೋಳು ಅಂತ ಮಾತ್ರ ಕೇಳಿದರು.

ನಮ್ಮ ಹಿಂದುಗಡೆ ಚಿಕ್ಕ ಮನೆಯಲ್ಲಿರೋಳು ಗುರುವಾರ ಗುರುವಾರ ಬರ್ತಿದ್ದಳು. ಅವಳನ್ನ ಕರೆದಾಗ ನನ್ನ ಕೈ ಯಾವುದರ ಮೇಲಿತ್ತೋ ನೆನಪಿಲ್ಲ. ಅವತ್ತೇ ಸಂಜೆ ಹೋಗಿ, ಬರಲೇಬೇಕು ಅಂತ ಏನಿಲ್ಲ ಕಣಮ್ಮ, ಬರದಿದ್ರೆ ನಾನೇನೂ ಅನ್ಕೊಳ್ಳಲ್ಲ ಅಂದೆ. ನಿಜವಾಗ್ಲೂ ಆಂಟಿ ಅಂದಳು. ನಿಜ ಅಂದೆ. ಆ ಗುರುವಾರದಿಂದ ಅವಳೂ ಬರಲಿಲ್ಲ. ಸಿಕ್ಕಾಗ ನಗ್ತಾಳೆ, ಮೊದಲಿಗಿಂತ ಚೆನ್ನಾಗಿ ನಗ್ತಾಳೆ.

ಬಾಪೂಜಿ ನಗರದೋರಿಗೆ ನಾನು ಹೇಳೋದು ಇಲ್ಲಿದೆ. ಜನರನ್ನ ಕರೆಯೋಕೆ ಹೋಗೋವಾಗ ನಿಮ್ಮ ಕೈ ಯಾವ ಸ್ವಿಚ್ಚಿನ ಮೇಲಿದೆ ನೋಡಿಕೊಳ್ಳಿ. ನಿಮ್ಮ ಮನೆ ಕೆಲಸದೋಳನ್ನ ಕೇಳಬೇಡಿ, ನಿಮ್ಮ ಬಾಡಿಗೆಯೋರನ್ನ ಕೇಳಬೇಡಿ. ಕೇಳಲೇಬೇಕು ಅಂದರೆ ಬೇರೆಯವರ ಕೈಲಿ ಕೇಳಿಸಿ, ನಿಮ್ಮ ಹೆಸರು ಎತ್ತದೆ. ಆಗಲ್ಲ ಅನ್ನೋಕೆ ಆಗದೇ ಇರೋರು ಆಯ್ತು ಅಂದರೆ ಅದನ್ನ ಲೆಕ್ಕಕ್ಕೆ ಇಡಬಾರದು.

ಇಬ್ಬರು ಹೋದ ಮೇಲೆ ಶಿಶುವಿಹಾರಕ್ಕೆ ಕೈ ಮುರಿದ ಹಾಗಾಯ್ತು. ನಾನೇ ಹೋಗಿ ತಟ್ಟೆ ತೊಳೆಯೋಕೆ ಕೂತೆ. ಆ ಮಗು ಮತ್ತೆ ತಿನ್ನೋದು ಬಿಟ್ಟಿತು. ನಾನು ಪಕ್ಕದಲ್ಲಿ ಕೂತು ಹುಡುಗಿ ಮಾಡಿದ ಹಾಗೇ ಮುಖ ತಿರುಗಿಸಿದೆ. ಆದರೆ ನನ್ನ ಕೈಲಿ ಆಗಲ್ಲ, ತಿಂತಾ ಇದೆಯೋ ಇಲ್ಲವೋ ಅಂತ ಓರೆಗಣ್ಣಲ್ಲಿ ನೋಡಿಬಿಡ್ತೀನಿ. ಅದಕ್ಕೆ ಗೊತ್ತಾಗುತ್ತೆ. ತಟ್ಟೆ ತಳ್ಳುತ್ತೆ. ಅದರ ತಾಯಿ ಬಂದು ಕೇಳಿದರೆ, ಸ್ವಲ್ಪ ತಿಂತು ಅಂತ ಅಡುಗೆಯವಳು ಹೇಳ್ತಿದ್ದಳು.

ಸಂಘದಲ್ಲಿ ಮಾತಾಡಿ, ಒಬ್ಬ ಸಹಾಯಕಿಗೆ ಸಂಬಳ ಕೊಟ್ಟೇ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದರು. ಆ ಹುಡುಗಿಯನ್ನೇ ಕೇಳಿ ಅಜ್ಜಿ, ಈಗ ಮೆಟ್ರೋ ಇದೆ, ಕೆಂಗೇರಿ ಏನು ದೂರ ಅಂದರು ಟೀಚರಮ್ಮ. ಸಂಬಳದ ಕೆಲಸ, ಈಗ ನಾನು ಓನರ್ರೂ ಅಲ್ಲ. ಹೋಗೋದು ನನ್ನ ಪಾಲಿಗೇ ಬಂತು.

ಆಟೋದಲ್ಲಿ ಸ್ಟೇಷನ್ನಿಗೆ ಹೋಗಿ, ಮೆಟ್ರೋ ಹತ್ತಿ, ಕೆಂಗೇರಿಯಲ್ಲಿ ಇಳಿದು ಕೇಳ್ಕೊಂಡು ಹೋದೆ. ಚಿಕ್ಕ ಮನೆ. ಕಿಟಕಿ ದೊಡ್ಡದು. ಮಂಚದ ತಲೆಗೆ ಒಂದು ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ಕಟ್ಟಿ, ಸೆರಗು ಇಳಿಬಿಟ್ಟು, ಕೆಳಗೆ ಕೂತು ಕುಚ್ಚು ಹಾಕ್ತಿದ್ದಳು. ನನ್ನ ನೋಡಿ ದಡಬಡ ಎದ್ದಳು. ಎದ್ದ ರೀತಿ ನೋಡಿ ನನಗೆ ನಾಚಿಕೆಯಾಯ್ತು. ಮನೆ ಬಿಟ್ಟು ತಿಂಗಳುಗಳಾದರೂ ಓನರ್ ಬಂದರು ಅಂತಲೇ ಎದ್ದಳು. ಕೂತ್ಕೋ, ಕೆಲಸ ನಿಲ್ಲಿಸಬೇಡ ಅಂದೆ. ಚಾಳಿಗೆ ಅವಳ ಹೊಟ್ಟೆ ಕಡೆ ಕಣ್ಣು ಹೋಯ್ತು, ತೆಗೆದೆ.

ಕಾಫಿ ಕೊಟ್ಟು ಮತ್ತೆ ದಾರ ಹಿಡಿದಳು. ಬಂದ ವಿಷಯ ಹೇಳಿದೆ. ಸಂಬಳ ಇದೆ ಅಂದೆ, ಹೊತ್ತು ಇಂತಿಷ್ಟು ಅಂದೆ, ಭಾನುವಾರ ರಜ ಅಂದೆ. ಅವತ್ತು ಹೇಳದೆ ಬಿಟ್ಟಿದ್ದನ್ನೆಲ್ಲ ಹೇಳಿದೆ. ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡಿದ್ದನ್ನೂ ಹೇಳಿದೆ. ಅವಳ ಕೈ ನಿಂತಿತು.

"ಇಲ್ಲಿ ನಾನು ಯಾರೂ ಅಲ್ಲ ಕಣಮ್ಮ. ಆಗಲ್ಲ ಅನ್ನಿಸಿದ್ರೆ ಆಗಲ್ಲ ಅನ್ನು."

ಅವಳು ಸೆರಗಿನ ಎಳೆಗಳನ್ನ ಬೆರಳಲ್ಲಿ ಬಿಡಿಸಿ ಎರಡು ಭಾಗ ಮಾಡಿದಳು.

"ಬರಲ್ಲ ಆಂಟಿ."

ಸರಿ ಅಂದೆ. ಅಲ್ಲಿಗೇ ಏಳಬೇಕಿತ್ತು. ಏಳದೆ, ಅಲ್ಲಿದ್ದಾಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ, ಹೇಳಿದ್ದರೆ ನಾನೇನೂ ಮಾಡ್ತಿರಲಿಲ್ಲ ಅಂದೆ.

"ಅದು ನಿಮಗೆ ಗೊತ್ತಿತ್ತು ಆಂಟಿ. ನಮಗೆ ಹೆಂಗೆ ಗೊತ್ತಾಗ್ಬೇಕು?"

ತಪ್ಪಾಯ್ತು ಅಂದೆ. ಅಯ್ಯೋ ಅಂಥ ಮಾತೆಲ್ಲ ಬೇಡಿ, ದೊಡ್ಡೋರು ಅಂದಳು. ಅದು ಒಪ್ಪಿಕೊಂಡ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಹೊರಡೋಕೆ ಬಾಗಿಲ ಹತ್ತಿರ ಬಂದು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿದಳು.

"ಆ ಮಗು ತಿಂತಾಳಾ ಆಂಟಿ?"

ನಲವತ್ತು ಮನೆ ಬಾಗಿಲು ತಟ್ಟಿದ ಬಾಯಿ ನಂದು. ಇಲ್ಲ ಕಣಮ್ಮ, ನೀನು ಹೋದಾಗಿಂದ ಅನ್ನ ಮುಟ್ಟಿಲ್ಲ ಅಂದಿದ್ದರೆ ಸಾಕಾಗಿತ್ತು. ಮಾರನೇ ಬೆಳಗ್ಗೆ ಹತ್ತು ಗಂಟೆಗೆ ಅವಳು ನಮ್ಮ ಶಿಶುವಿಹಾರದ ಬಾಗಿಲಲ್ಲಿ ಇರ್ತಿದ್ದಳು. ಅದು ನಿಜವೂ ಆಗಿತ್ತು. ಯಾರ ಯಾವ ನರ ಮುಟ್ಟಿದರೆ ಬರ್ತಾರೆ ಅಂತ ನನಗೆ ಗೊತ್ತು, ಆ ಗೊತ್ತಿರೋದರಿಂದಲೇ ಇಷ್ಟೆಲ್ಲ ಆಗಿದ್ದು.

"ತಿಂತಾಳೆ," ಅಂದೆ. "ಚೆನ್ನಾಗಿ ತಿಂತಾಳೆ."

"ಪಕ್ಕದಲ್ಲಿ ಯಾರು ಕೂತ್ಕೋತಾರೆ?"

"ನಾನೇ."

ನೀವಾ ಅಂತ ನಕ್ಕಳು. ಒಂದೂವರೆ ವರ್ಷದಲ್ಲಿ ಅವಳು ನನ್ನ ಎದುರಿಗೆ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಮೆಟ್ಟಿಲಿಳಿದು ಬಂದೆ.

ಮಾರನೇ ದಿನ ಊಟದ ಹೊತ್ತಿಗೆ ಮಗುವಿನ ಮುಂದೆ ತಟ್ಟೆ ಇಟ್ಟು ಪಕ್ಕದಲ್ಲಿ ಕೂತೆ. ಗೋಡೆ ಕಡೆ ಪೂರ್ತಿ ತಿರುಗಿದೆ, ಬೆನ್ನು ಕೊಟ್ಟು. ಗೋಡೆಯಲ್ಲಿ ಯಾವುದೋ ಮಗು ಸೀಮೆಸುಣ್ಣದಲ್ಲಿ ಗೀಚಿದ ಆನೆ ಇತ್ತು, ಅದನ್ನೇ ನೋಡ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ ಹಿಂದೆ ತಟ್ಟೆ ಸರಿದ ಸದ್ದಾಯ್ತು. ಎಳೆದುಕೊಂಡಳೋ, ತಳ್ಳಿದಳೋ. ಕುತ್ತಿಗೆ ತಾನಾಗೇ ತಿರುಗೋಕೆ ಬಂತು. ತಡೆದುಕೊಂಡು ಆನೆ ನೋಡಿದೆ.